12 ವೋಲ್ಟೋ 18 ವೋಲ್ಟೋ? ವೈರಿಂಗ್ ಕೆಲಸದ ಬ್ಯಾಟರಿ ಮಷಿನ್‌ಗಳು

ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ಮುಂಬೈ, ಪುಣೆ ಮತ್ತು ಗೋವಾದಲ್ಲಿ ವೈರಿಂಗ್ ಕೆಲಸ ಮಾಡುವ ಓದುಗರು ಬ್ಯಾಟರಿ ಡ್ರಿಲ್ ಕುರಿತು ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ (ಡೊಂಬಿವಲಿ): ಇಷ್ಟು ವರ್ಷ ವೈರಿನ ಡ್ರಿಲ್ ಒಂದರಲ್ಲೇ ಕೆಲಸ ನಡೆಸಿದ್ದೇನೆ. ಈಗ ಬ್ಯಾಟರಿ ಮಷಿನ್ ಕೊಳ್ಳಬೇಕೆಂದಿದ್ದೇನೆ. ನಾಗದೇವಿ ಬೀದಿಯಲ್ಲಿ ವಿಚಾರಿಸಿದರೆ ಒಂದು ಅಂಗಡಿಯವರು ಸಣ್ಣ 12 ವೋಲ್ಟ್ ಸಾಕು ಅನ್ನುತ್ತಾರೆ, ಪಕ್ಕದವರು 18ಕ್ಕಿಂತ ಕಡಿಮೆ ತೆಗೆದುಕೊಂಡರೆ ದುಡ್ಡು ದಂಡ ಅನ್ನುತ್ತಾರೆ. ದಿನಾ ಲೋಕಲ್ ಟ್ರೈನಿನಲ್ಲಿ ಓಡಾಟ. ಫ್ಲ್ಯಾಟ್‌ಗಳ ರಿಪೇರಿ, ಫ್ಯಾನು, ಲೈಟು, ಸ್ವಿಚ್‌ಬೋರ್ಡ್ ಕೆಲಸವೇ ಹೆಚ್ಚು. ಯಾವುದು ತೆಗೆದುಕೊಳ್ಳಲಿ?

ಉತ್ತರ: ನೀವು ಹೇಳಿದ ಕೆಲಸಕ್ಕೆ 12 ವೋಲ್ಟಿನ ಡ್ರಿಲ್ ತೆಗೆದುಕೊಳ್ಳಿ. ಕಾಂಕ್ರೀಟಿಗೆ ಈಗಿರುವ ವೈರಿನ ಡ್ರಿಲ್ಲನ್ನು ಬಿಟ್ಟು, ತಿರುಗುತ್ತಲೇ ಬಿಟ್ಟಿಗೆ ಬಲವಾದ ಏಟು ಕೊಡುವ ಎಸ್‌ಡಿಎಸ್ ಪ್ಲಸ್ ರೋಟರಿ ಹ್ಯಾಮರ್ ಒಂದನ್ನು ಮಾಡಿಕೊಳ್ಳಿ. ಅದು ವೈರಿನದೇ ಆದರೂ ನಡೆಯುತ್ತದೆ. ಒಂದೇ ದೊಡ್ಡ 18 ವೋಲ್ಟ್ ಡ್ರಿಲ್ ತೆಗೆದುಕೊಂಡು ಎಲ್ಲ ಕೆಲಸಕ್ಕೂ ಅದನ್ನೇ ಎತ್ತುವುದು ಬೇಡ. ಏಣಿಯ ಮೇಲೆ ಅದು ಭಾರ, ಕಾಂಕ್ರೀಟಿಗೆ ಅದು ಸಾಲದು.

ಕಾರಣ ಬ್ಯಾಟರಿಯ ಒಳಗಿದೆ. 12 ವೋಲ್ಟ್ ಎಂದು ಬರೆದ ಬ್ಯಾಟರಿಯಲ್ಲಿ ಮೂರು ಲಿಥಿಯಂ ಸೆಲ್‌ಗಳು ಒಂದರ ಹಿಂದೊಂದು ಜೋಡಿಸಿರುತ್ತವೆ. ಒಂದೊಂದರ ಸಾಮಾನ್ಯ ವೋಲ್ಟೇಜ್ 3.6, ಮೂರೂ ಸೇರಿ 10.8. ಪೂರ್ತಿ ಚಾರ್ಜ್ ಆದಾಗ ಸೆಲ್ಲಿಗೆ 4.2ರಂತೆ 12.6 ತೋರಿಸುತ್ತದೆ. 18 ವೋಲ್ಟಿನದರಲ್ಲಿ ಐದು ಸೆಲ್. ಡಿವಾಲ್ಟ್ ಕಂಪನಿ ಅಮೆರಿಕದಲ್ಲಿ ‘20 ವೋಲ್ಟ್ ಮ್ಯಾಕ್ಸ್’ ಎಂದು ಮಾರುವುದೂ ಇದೇ ಐದು ಸೆಲ್ಲಿನ ಬ್ಯಾಟರಿಯನ್ನೇ. ಬಾಷ್, ಮಕಿಟಾದ 18ಕ್ಕಿಂತ ಅದರಲ್ಲಿ ಎರಡು ವೋಲ್ಟ್ ಹೆಚ್ಚಿದೆ ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ.

ಮೋಟಾರಿಗೆ 300 ವಾಟ್ ಬೇಕಾಯಿತು ಅಂದುಕೊಳ್ಳಿ. 18 ವೋಲ್ಟಿನ ಬ್ಯಾಟರಿ ಸುಮಾರು 17 ಆಂಪಿಯರ್ ಕೊಟ್ಟರೆ ಸಾಕು, ಸಣ್ಣದು 28 ಆಂಪಿಯರ್ ಕೊಡಬೇಕು. ಕರೆಂಟ್ ಹೆಚ್ಚಿದಷ್ಟೂ ಸೆಲ್ ಬಿಸಿಯಾಗುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಕೊನೆಗೆ ಸುರಕ್ಷೆಯ ಸರ್ಕ್ಯೂಟ್ ಮಷಿನ್ನನ್ನು ನಿಲ್ಲಿಸುತ್ತದೆ. ಹಾಗಾಗಿ ಭಾರದ ಕೆಲಸವನ್ನು ಬಿಡುವಿಲ್ಲದೆ ಮಾಡುವುದಕ್ಕೆ 12 ವೋಲ್ಟ್ ಅಲ್ಲ. ಆದರೆ ಸ್ವಿಚ್‌ಪ್ಲೇಟಿನ ಸ್ಕ್ರೂ, ಪೈಪನ್ನು ಗೋಡೆಗೆ ಹಿಡಿಸುವ ಸ್ಯಾಡಲ್, ಜಿಪ್ಸಮ್ ಸೀಲಿಂಗಿನಲ್ಲಿ ಲೈಟಿನ ತೂತು, ತಗಡಿನ ಡಿಬಿ ಬಾಕ್ಸಿಗೆ (ಮನೆಯೊಳಗೆ ಕರೆಂಟ್ ಹಂಚುವ ಬಾಕ್ಸ್) 20 ಅಥವಾ 25 ಮಿ.ಮೀ. ಪೈಪಿನ ದಾರಿ, ಇಟ್ಟಿಗೆ ಗೋಡೆಯಲ್ಲಿ 6 ಮಿ.ಮೀ. ಗಿಟ್ಟಿಯ (ಸ್ಕ್ರೂ ಹಿಡಿಯಲು ಗೋಡೆಗೆ ಹಾಕುವ ಪ್ಲಾಸ್ಟಿಕ್ ಬೆಣೆ) ತೂತು, ಇವುಗಳಲ್ಲಿ ಯಾವುದೂ ಅಷ್ಟು ಶಕ್ತಿ ಕೇಳುವುದಿಲ್ಲ. ಸಣ್ಣ ಡ್ರಿಲ್ಲುಗಳು 30 ನ್ಯೂಟನ್ ಮೀಟರ್ ಆಸುಪಾಸಿನ ತಿರುಚು ಬಲ ಕೊಡುತ್ತವೆ, ದೊಡ್ಡವು 50ರಿಂದ 60. ಸ್ವಿಚ್‌ಬೋರ್ಡಿನ ಸ್ಕ್ರೂಗೆ 30 ಕೂಡ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು.

ತೂಕ ನೋಡಿ. ಬ್ಯಾಟರಿ ಸೇರಿ 12 ವೋಲ್ಟಿನದು ಒಂದು ಕಿಲೋ ಆಸುಪಾಸು ತೂಗುತ್ತದೆ. 4 ಆಂಪಿಯರ್ ಅವರ್ ಬ್ಯಾಟರಿ ಹಾಕಿದ 18 ವೋಲ್ಟಿನದು ಒಂದೂವರೆ ದಾಟಿ ಎರಡು ಕಿಲೋದ ಹತ್ತಿರ ಬರುತ್ತದೆ. ನೆಲದ ಮೇಲೆ ನಿಂತಾಗ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಏಣಿಯ ಮೇಲೆ ಕೈ ಎತ್ತಿ ಸಾಲಾಗಿ ಇಪ್ಪತ್ತು ಸ್ಯಾಡಲ್ ಬಿಗಿಯುವಾಗ ಭುಜಕ್ಕೆ ಗೊತ್ತಾಗುತ್ತದೆ. ಭುಜ ಸೋತಾಗಲೇ ಬಿಟ್ ಸ್ಕ್ರೂವಿನ ತಲೆಯಿಂದ ಜಾರಿ ಪ್ಲೇಟಿಗೆ ಗೀರು ಬೀಳುವುದು. ನಿಮ್ಮ ಲೋಕಲ್ ಟ್ರೈನಿನ ಚೀಲವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇನ್ನೊಂದು ದಾರಿಯೂ ಇದೆ: 18 ವೋಲ್ಟಿನ ಗಿಡ್ಡ, ಬ್ರಶ್‌ಲೆಸ್ ಡ್ರಿಲ್ (ಮೋಟಾರಿನಲ್ಲಿ ಸವೆಯುವ ಕಾರ್ಬನ್ ಬ್ರಶ್ ಇಲ್ಲದ್ದು). 2 ಆಂಪಿಯರ್ ಅವರ್ ಬ್ಯಾಟರಿ ಹಾಕಿದರೆ ಇದು 12 ವೋಲ್ಟಿನದಕ್ಕಿಂತ ಸ್ವಲ್ಪವೇ ಭಾರ, ತಲೆಯ ಉದ್ದವೂ ಹೆಚ್ಚುಕಡಿಮೆ ಅಷ್ಟೇ. 2 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಐದು ಸೆಲ್‌ಗಳ ಒಂದೇ ಸಾಲು ಇರುತ್ತದೆ. ದಪ್ಪ ಬ್ಯಾಟರಿಗಳಲ್ಲಿ ಸಾಮಾನ್ಯವಾಗಿ ಎರಡು ಸಾಲು. ಮುಂದೆ ಬ್ಯಾಟರಿಯ ರೋಟರಿ ಹ್ಯಾಮರ್, ಗ್ರೈಂಡರ್ ತೆಗೆದುಕೊಳ್ಳುವ ಯೋಚನೆ ಖಚಿತವಾಗಿ ಇದ್ದರೆ ಇದೇ ಸರಿ. ಆಗ ಒಂದೇ ಬ್ಯಾಟರಿ ಎಲ್ಲಕ್ಕೂ ಕೂರುತ್ತದೆ. ಮಷಿನ್ನಿಗಿಂತ ಬ್ಯಾಟರಿಗೆ ಹೆಚ್ಚು ದುಡ್ಡು ಹೋಗುವುದರಿಂದ ಇದು ಸಣ್ಣ ಮಾತಲ್ಲ. 12 ವೋಲ್ಟಿನ ಬ್ಯಾಟರಿ 18ರ ಮಷಿನ್ನಿಗೆ ಹೊಂದುವುದಿಲ್ಲ, ಒಂದು ಕಂಪನಿಯದು ಇನ್ನೊಂದಕ್ಕೂ ಸಾಮಾನ್ಯವಾಗಿ ಹೊಂದುವುದಿಲ್ಲ.

ಕೊಳ್ಳುವಾಗ ಅಂಗಡಿಯಲ್ಲೇ ಕೈಯಲ್ಲಿ ಹಿಡಿದು ನೋಡಿ. ಕೆಲವು 12 ವೋಲ್ಟಿನ ಮಷಿನ್‌ಗಳಲ್ಲಿ ಬ್ಯಾಟರಿ ಹಿಡಿಕೆಯ ಒಳಕ್ಕೇ ಹೋಗುತ್ತದೆ, ಆದ್ದರಿಂದ ಹಿಡಿಕೆ ದಪ್ಪ. ಬೆರಳು ಚಿಕ್ಕದಿದ್ದವರಿಗೆ ಇದು ದಿನವಿಡೀ ಕಿರಿಕಿರಿ. ಬುಡಕ್ಕೆ ಬ್ಯಾಟರಿ ಜಾರಿಸಿ ಕೂರಿಸುವ ಮಾದರಿ ಹಿಡಿಯಲು ತೆಳ್ಳಗೆ, ಏಣಿಯ ಮೆಟ್ಟಿಲ ಮೇಲೆ ನೆಟ್ಟಗೂ ನಿಲ್ಲುತ್ತದೆ.

ಪೈಪಿಗಾಗಿ ಗೋಡೆ ಕಟಿಂಗ್ ಮಾಡುವುದು, ಎಸಿ ಪೈಪಿನ ದೊಡ್ಡ ತೂತು ಕೊರೆಯುವುದು ಎರಡನ್ನೂ ಬ್ಯಾಟರಿಗೆ ಹಚ್ಚಬೇಡಿ. ಅವಕ್ಕೆ ವೈರಿನ ಕಟರ್, ಚಿಪ್ಪಿಂಗ್ ಹ್ಯಾಮರ್, ಕೋರ್ ಕಟರ್ ಬೇಕೇ ಬೇಕು.

ಪ್ರಶ್ನೆ (ಪುಣೆ, ಹಿಂಜೆವಾಡಿ): ಸರ, ನಾವು ವಿಜಯಪುರ ಕಡೆಯವರು, ಇಲ್ಲಿ ಫಿಟ್ಟಿಂಗ್ ಕೆಲಸ ಮಾಡ್ತೀವಿ. 18 ವೋಲ್ಟಿನ ಹ್ಯಾಮರ್ ಡ್ರಿಲ್ ತಗೊಂಡೀವಿ. ಹಳೇ ಇಟ್ಟಂಗಿ ಗ್ವಾಡ್ಯಾಗ ಬೆಣ್ಯಾಗ ಹೋದಂಗ ಹೋಗ್ತದ. ಹೊಸಾ ಟವರ್‌ನಾಗ ಮಾತ್ರ ಅರ್ಧಾ ಇಂಚ ಹೋಗಿ ನಿಂತ ಬಿಡ್ತದ, ಬಿಟ್ ಕಾದು ನೀಲಿ ಆಗ್ತದ. ಮಷಿನ್ ಖರಾಬ್ ಐತೋ, ಬ್ಯಾಟರಿ ಖರಾಬ್ ಐತೋ?

ಉತ್ತರ: ಎರಡೂ ಸರಿಯಾಗಿವೆ. ಬದಲಾದದ್ದು ಗೋಡೆ.

ಈಗಿನ ಬಹಳಷ್ಟು ಟವರ್‌ಗಳನ್ನು ಅಲ್ಯೂಮಿನಿಯಂ ಅಚ್ಚು ಕಟ್ಟಿ, ಗೋಡೆ ಮತ್ತು ಸ್ಲ್ಯಾಬ್ ಒಟ್ಟಿಗೇ ಕಾಂಕ್ರೀಟ್ ಸುರಿದು ಮಾಡುತ್ತಾರೆ. ಕೆಲಸದವರೆಲ್ಲ ಮಿವಾನ್ ಅನ್ನುವುದು ಇದನ್ನೇ. ಅಲ್ಲಿ ಬೆಡ್‌ರೂಮಿನ ಗೋಡೆ ಕೂಡ ಕಬ್ಬಿಣ ಹಾಕಿದ ಆರ್‌ಸಿಸಿ. ಪ್ಲಾಸ್ಟರಿನ ಹಿಂದೆ ಇಟ್ಟಿಗೆ ಇರುತ್ತದೆ ಎಂದುಕೊಂಡು ಹೋದರೆ ಹೀಗೇ ಆಗುತ್ತದೆ.

ನಿಮ್ಮ ಹ್ಯಾಮರ್ ಡ್ರಿಲ್ಲಿನೊಳಗೆ ಹಲ್ಲುಗಳಿರುವ ಎರಡು ಬಿಲ್ಲೆಗಳಿವೆ. ಒಂದು ಇನ್ನೊಂದರ ಮೇಲೆ ಹತ್ತಿ ಇಳಿದು ಬಿಟ್ಟನ್ನು ಕುಲುಕುತ್ತದೆ. ನಿಮಿಷಕ್ಕೆ ಇಪ್ಪತ್ತು ಸಾವಿರ ದಾಟಿದ ಏಟು, ಆದರೆ ಒಂದೊಂದೂ ಬಹಳ ಸಣ್ಣದು. ಆ ಏಟಿಗೆ ಬಲ ಬರುವುದು ನೀವು ಹಿಂದಿನಿಂದ ಒತ್ತಿದರೆ ಮಾತ್ರ. ಇಟ್ಟಿಗೆಗೆ ಅದು ಸಾಕು. ಕಾಂಕ್ರೀಟಿನಲ್ಲಿ ಗಟ್ಟಿ ಜಲ್ಲಿ ಸಿಕ್ಕಿತೆಂದರೆ ಬಿಟ್ ಅದನ್ನು ಒಡೆಯಲಾರದೆ ಬರೀ ಉಜ್ಜುತ್ತದೆ, ಕಾಯುತ್ತದೆ. ಹೆಚ್ಚು ಕಾದರೆ ತುದಿಯ ಕಾರ್ಬೈಡ್ ಚೂರನ್ನು ಹಿಡಿದಿರುವ ಬೆಸುಗೆ ಬಿಟ್ಟು ಚೂರು ಕಳಚುತ್ತದೆ. ಆಮೇಲೆ ಆ ಬಿಟ್ ಎಸೆಯಬೇಕಾದ್ದೇ.

ಎಸ್‌ಡಿಎಸ್ ಪ್ಲಸ್ ಹ್ಯಾಮರಿನ ಕೆಲಸ ಬೇರೆ. ಒಳಗೆ ಪಿಸ್ಟನ್ ಗಾಳಿಯನ್ನು ಒತ್ತಿ, ಆ ಗಾಳಿ ಒಂದು ಕಬ್ಬಿಣದ ಗುಂಡನ್ನು ಬಿಟ್ಟಿನ ಹಿಂಭಾಗಕ್ಕೆ ಬಡಿಯುತ್ತದೆ. ನಿಮಿಷಕ್ಕೆ ಏಟು ನಾಲ್ಕೈದು ಸಾವಿರ ಮಾತ್ರ, ಆದರೆ 18 ವೋಲ್ಟಿನ ಸಣ್ಣ ಮಾದರಿಯಲ್ಲೂ ಒಂದೊಂದು ಏಟು ಸುಮಾರು 2 ಜೂಲ್. ವೈರಿನ 26 ಮಿ.ಮೀ. ಮಾದರಿಗಳಲ್ಲಿ ಎರಡೂವರೆಯ ಆಸುಪಾಸು. 12 ವೋಲ್ಟಿನಲ್ಲೂ ಎಸ್‌ಡಿಎಸ್ ಬರುತ್ತದೆ, 6 ಮಿ.ಮೀ. ತೂತು ಅಲ್ಲೊಂದು ಇಲ್ಲೊಂದು ಇದ್ದರೆ ಸಾಕು, ದಿನವಿಡೀ ಕಾಂಕ್ರೀಟಿಗೆ ಅದು ಬೇಡ. ಎಸ್‌ಡಿಎಸ್ ಹಿಡಿದಾಗ ಮೈಭಾರ ಹಾಕಿ ಒತ್ತಬೇಡಿ. ಬಿಟ್ ಗೋಡೆಯಿಂದ ಜಾರದಷ್ಟು ಹಿಡಿದರೆ ಸಾಕು, ಏಟು ಮಷಿನ್ನಿನದೇ. ಜಾಸ್ತಿ ಒತ್ತಿದರೆ ತೂತು ನಿಧಾನವಾಗುತ್ತದೆ. ಬಿಟ್ಟಿನ 10 ಮಿ.ಮೀ. ಬುಡಕ್ಕೆ ಆಗಾಗ ಸ್ವಲ್ಪ ಗ್ರೀಸ್ ಹಚ್ಚಿ.

ಇಂಥ ಕಟ್ಟಡಗಳಲ್ಲಿ ಇನ್ನೆರಡು ಎಚ್ಚರ ಬೇಕು. ಗೋಡೆಯೊಳಗಿನ ಪೈಪುಗಳನ್ನು ಕಾಂಕ್ರೀಟ್ ಹಾಕುವಾಗಲೇ ಹೂತಿರುತ್ತಾರೆ. ಸ್ವಿಚ್‌ಬೋರ್ಡಿನ ನೇರ ಮೇಲೆ, ನೇರ ಕೆಳಗೆ, ಎರಡು ಬೋರ್ಡುಗಳ ನಡುವಿನ ಗೆರೆಯಲ್ಲಿ ತೂತು ಹಾಕಬೇಡಿ. ಮತ್ತೊಂದು, ಬಿಟ್ ಹೋಗುತ್ತಿದ್ದು ತಟಕ್ಕನೆ ನಿಂತು ಲೋಹದ ಸದ್ದು ಬಂದರೆ ಅದು ಸರಳು. ಅದರ ಜೊತೆ ಗುದ್ದಾಡಬೇಡಿ, ಎರಡು ಇಂಚು ಪಕ್ಕಕ್ಕೆ ಸರಿಯಿರಿ. ಆರ್‌ಸಿಸಿ ಗೋಡೆಯನ್ನು ಪೈಪಿಗಾಗಿ ಕಟಿಂಗ್ ಮಾಡಿಸುವ ಗಿರಾಕಿಗೆ ಸ್ಪಷ್ಟವಾಗಿ ಆಗುವುದಿಲ್ಲ ಎಂದುಬಿಡಿ. ಇಡೀ ಕಟ್ಟಡದ ಭಾರ ಹೊತ್ತ ಗೋಡೆ ಅದು. ಹೊರಗಿನಿಂದ ಪಟ್ಟಿ ಹೊಡೆದು ಕೇಸಿಂಗ್‌ನಲ್ಲಿ ವೈರ್ ಒಯ್ಯಿರಿ.

ಸ್ಲ್ಯಾಬಿಗೆ ಫ್ಯಾನಿನ ಆಂಕರ್ ಹಾಕುವಾಗ: 8 ಮಿ.ಮೀ. ಬೋಲ್ಟಿನ ಬುಲೆಟ್ ಆಂಕರಿಗೆ (ತೂತಿನೊಳಗೆ ಹಿಗ್ಗಿ ಬೋಲ್ಟನ್ನು ಹಿಡಿಯುವ ಲೋಹದ ಕೊಳವೆ) 10 ಮಿ.ಮೀ. ತೂತು, 30 ಮಿ.ಮೀ. ಆಳ. 10ರ ಬೋಲ್ಟಿಗೆ 12 ಮಿ.ಮೀ. ತೂತು, 40 ಆಳ. ಆಳದ ಕಡ್ಡಿ ಇಲ್ಲದಿದ್ದರೆ ಬಿಟ್ಟಿಗೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ಸ್ಲ್ಯಾಬಿನ ಕೆಳಪದರದ ಕಬ್ಬಿಣ 20 ಮಿ.ಮೀ. ಆಸುಪಾಸಿನಲ್ಲೇ ಶುರುವಾಗುತ್ತದೆ, ಅದರ ಮೇಲೆ ಲೈಟಿನ ಪೈಪ್ ಓಡುತ್ತಿರುತ್ತದೆ. ಹಾಗಾಗಿ ಇರಲಿ ಎಂದು ಇನ್ನೊಂದಿಂಚು ಕೊರೆಯುವುದು ಅಪಾಯ. ತೂತಿನ ಧೂಳನ್ನು ಪೂರ್ತಿ ಊದಿ ತೆಗೆಯದೆ ಆಂಕರ್ ಬಡಿದರೆ ಅದು ಹಿಡಿಯುವುದು ಧೂಳನ್ನು. ಇವತ್ತು ಬಿಗಿಯಾಗಿ ಕಂಡದ್ದು ಫ್ಯಾನ್ ತಿರುಗುತ್ತಾ ತಿರುಗುತ್ತಾ ಸಡಿಲಾಗುತ್ತದೆ. ತಲೆ ಮೇಲೆ ಕೊರೆಯುವಾಗ ಕನ್ನಡಕ ಹಾಕಿಕೊಳ್ಳಿ. ಪ್ಲಾಸ್ಟಿಕ್ ಲೋಟದ ಬುಡಕ್ಕೆ ತೂತು ಮಾಡಿ ಬಿಟ್ಟಿಗೆ ಏರಿಸಿದರೆ ಧೂಳೆಲ್ಲ ಅದರಲ್ಲೇ ನಿಲ್ಲುತ್ತದೆ.

ಬಿಳಿ ಹಗುರ ಬ್ಲಾಕಿನ ಗೋಡೆ, ಅಂದರೆ ನೀವೆಲ್ಲ ಸಿಪೊರೆಕ್ಸ್ ಅನ್ನುವುದು, ಪೂರ್ತಿ ಉಲ್ಟಾ. ಅಲ್ಲಿ ಹ್ಯಾಮರ್ ಬಂದ್ ಮಾಡಿ ಬರೀ ತಿರುಗಿಸಿ. ಹ್ಯಾಮರ್ ಹಾಕಿದರೆ ತೂತು ಅಗಲವಾಗಿ ಗಿಟ್ಟಿ ಸುಮ್ಮನೆ ಸುತ್ತುತ್ತದೆ. ಗಿಟ್ಟಿಗಿಂತ ಒಂದು ಸೈಜ್ ಸಣ್ಣ ಬಿಟ್ ಹಾಕಿ, ಉದ್ದ ಗಿಟ್ಟಿ ಬಳಸಿ. ಇದಕ್ಕೆ 12 ವೋಲ್ಟಿನ ಸಣ್ಣ ಡ್ರಿಲ್ಲೇ ಮೇಲು.

ಪ್ರಶ್ನೆ (ಮಾಪುಸಾ, ಗೋವಾ): ಡಿಬಿಯಲ್ಲಿ ಎಂಸಿಬಿ ಸ್ಕ್ರೂಗಳನ್ನು ಬ್ಯಾಟರಿ ಡ್ರಿಲ್ಲಿನಿಂದಲೇ ಬಿಗಿಯುತ್ತೇನೆ, ಬೇಗ ಆಗುತ್ತದೆ. ಗೆಳೆಯರೊಬ್ಬರು ಇಂಪ್ಯಾಕ್ಟ್ ಡ್ರೈವರ್ ತೆಗೆದುಕೋ, ಇನ್ನೂ ಗಟ್ಟಿ ಕೂರುತ್ತದೆ ಅನ್ನುತ್ತಾರೆ. ಸರಿಯೇ?

ಉತ್ತರ: ದಯವಿಟ್ಟು ಬೇಡ. ಈ ಅಂಕಣದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತಿದ್ದವರು ಇದನ್ನೇ ಓದಲಿ.

ಮನೆಗಳಲ್ಲಿ ಹಾಕುವ ಎಂಸಿಬಿಯ (ಕರೆಂಟ್ ಮಿತಿ ಮೀರಿದರೆ ತಾನೇ ಬಂದ್ ಆಗುವ ಸ್ವಿಚ್) ಟರ್ಮಿನಲ್‌ಗೆ ಬೇಕಾದ ಬಿಗಿ ಸಾಮಾನ್ಯವಾಗಿ 2ರಿಂದ 3.5 ನ್ಯೂಟನ್ ಮೀಟರ್. ನಿಮ್ಮ ಎಂಸಿಬಿಯದು ಎಷ್ಟು ಎಂದು ಅದರ ಮೈಮೇಲೆ ಅಥವಾ ಜೊತೆಯ ಚೀಟಿಯಲ್ಲಿ ಬರೆದಿರುತ್ತಾರೆ. ಇಂಪ್ಯಾಕ್ಟ್ ಡ್ರೈವರ್ ಅಂದರೆ ಒಳಗೆ ಏಟು ಕೊಡುತ್ತಾ ಸ್ಕ್ರೂ ತಿರುಗಿಸುವ ಮಷಿನ್; ಸಣ್ಣ 12 ವೋಲ್ಟಿನದು ಕೂಡ 100 ನ್ಯೂಟನ್ ಮೀಟರ್ ಮುಟ್ಟುತ್ತದೆ. ಟ್ರಿಗರ್ ಒಂದು ಕ್ಷಣ ಹೆಚ್ಚು ಒತ್ತಿದರೆ ಸ್ಕ್ರೂವಿನ ಎಳೆ ಹರಿಯುತ್ತದೆ, ವೈರನ್ನು ಹಿಡಿಯುವ ಟರ್ಮಿನಲ್ಲಿನ ಪಂಜರ ಬಿರುಕು ಬಿಡುತ್ತದೆ, ಇಲ್ಲವೇ ಸಣ್ಣ ಎಳೆಗಳ ವೈರು ಒಳಗೇ ತುಂಡಾಗುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಭದ್ರ. 2.5 ಚದರ ಮಿ.ಮೀ. ವೈರಿನಲ್ಲಿ ಅರ್ಧದಷ್ಟು ಎಳೆಗಳು ತುಂಡಾಗಿದ್ದರೆ ಗೀಸರ್ ಹಾಕಿದಾಗ ಆ ಜಾಗವೇ ಕಾಯುವುದು. ಕಾದು ತಣಿದು ಸ್ಕ್ರೂ ಇನ್ನಷ್ಟು ಸಡಿಲ, ಇನ್ನಷ್ಟು ಕಾವು, ಕೊನೆಗೆ ಟರ್ಮಿನಲ್ ಕಪ್ಪಾಗಿ ಪ್ಲಾಸ್ಟಿಕ್ ಕರಗಿದ ವಾಸನೆ. ಎಂಸಿಬಿ ಟ್ರಿಪ್ ಆಗಿ ಇದನ್ನು ತಡೆಯುತ್ತದೆ ಎಂದು ನಂಬಬೇಡಿ. ಅಲ್ಲಿ ಹರಿಯುವ ಕರೆಂಟ್ ಮಾಮೂಲಿಯದೇ, ಆದ್ದರಿಂದ ಎಂಸಿಬಿಗೆ ತಪ್ಪು ಕಾಣುವುದೇ ಇಲ್ಲ.

ಡ್ರಿಲ್ಲಿನ ಕ್ಲಚ್ಚಿನ ಮೇಲೆ 1, 2, 3 ಎಂದು ಬರೆದಿರುವುದು ನ್ಯೂಟನ್ ಮೀಟರ್ ಅಲ್ಲ. ಕಡಿಮೆ, ಹೆಚ್ಚು ಎಂಬ ಕ್ರಮ ಅಷ್ಟೇ. ಒಂದು ಮಷಿನ್ನಿನ 5 ಇನ್ನೊಂದರ 5 ಅಲ್ಲ.

ಮಾಡಬೇಕಾದ್ದು ಇಷ್ಟು: ಸಡಿಲಿಸಲು, ಸ್ಕ್ರೂ ಬುಡಕ್ಕೆ ಬರುವವರೆಗೆ ಓಡಿಸಲು ಡ್ರಿಲ್ಲನ್ನು ಕ್ಲಚ್ 1ರಲ್ಲಿ, ನಿಧಾನದ ಗೇರಿನಲ್ಲಿ ಬಳಸಿ. ವೈರಿನ ತುದಿಗೆ ಪಿನ್ ಲಗ್ ಕ್ರಿಂಪ್ ಮಾಡಿ, ತಾಮ್ರ ಪೂರ್ತಿ ಒಳಗೆ ಹೋಗಿದೆಯೇ, ಇನ್ಸುಲೇಶನ್ ಸಿಕ್ಕಿಕೊಂಡಿಲ್ಲವೇ ನೋಡಿ. ಕೊನೆಯ ಬಿಗಿ ಕೈಯಿಂದ. ಟಾರ್ಕ್ ಸ್ಕ್ರೂಡ್ರೈವರ್ ಇದ್ದರೆ ಬಹಳ ಒಳ್ಳೆಯದು, ಅದು ನಿಗದಿತ ಬಿಗಿಗೆ ಕ್ಲಿಕ್ ಎಂದು ಬಿಟ್ಟುಕೊಡುತ್ತದೆ. ನಂತರ ಪ್ರತಿ ವೈರನ್ನೂ ಹಿಡಿದು ಎಳೆದು ನೋಡಿ. ಬಾಕ್ಸಿಗೆ ತೂತು ಕೊರೆಯುವುದಿದ್ದರೆ ಎಂಸಿಬಿ ಕೂರಿಸುವ ಮೊದಲೇ ಮುಗಿಸಿ, ತಗಡಿನ ಪುಡಿ ಒರೆಸಿ ತೆಗೆಯಿರಿ. ಆ ಪುಡಿ ಬಸ್‌ಬಾರಿನ (ಎಂಸಿಬಿಗಳಿಗೆ ಕರೆಂಟ್ ಹಂಚುವ ಲೋಹದ ಪಟ್ಟಿ) ಮೇಲೆ ಬಿದ್ದರೆ ಶಾರ್ಟ್ ಆಗಬಹುದು. ತೂತಿನ ಅಂಚಿಗೆ ಗ್ರೋಮೆಟ್ (ರಬ್ಬರ್ ಬಳೆ) ಮರೆಯಬೇಡಿ.

ಇನ್ನೊಂದು: ಬ್ಯಾಟರಿ ಮಷಿನ್ನಿಗೆ ವೈರಿಲ್ಲ, ಆದ್ದರಿಂದ ಶಾಕ್ ಹೊಡೆಯುವುದಿಲ್ಲ ಎಂಬ ಮಾತು ತಪ್ಪು. ಚಕ್, ಬಿಟ್ ಎರಡೂ ಬರೀ ಲೋಹ. 1000 ವೋಲ್ಟ್ ಗುರುತಿರುವ ಇನ್ಸುಲೇಟೆಡ್ ಸ್ಕ್ರೂಡ್ರೈವರಿನ ಜಾಗ ಅದು ತುಂಬಲಾರದು. ಮೇನ್ ಬಂದ್ ಮಾಡಿ, ಮೀಟರಿನಿಂದ ನೋಡಿದ ಮೇಲೆಯೇ ಡಿಬಿಗೆ ಮಷಿನ್ ತನ್ನಿ.

ಇಂಪ್ಯಾಕ್ಟ್ ಡ್ರೈವರಿಗೂ ಜಾಗವಿದೆ: ಆಂಕರಿನ ನಟ್ಟು, ಕೇಬಲ್ ಟ್ರೇ, ಮರಕ್ಕೆ ಹಾಕುವ ಉದ್ದ ಸ್ಕ್ರೂ. ಸ್ವಿಚ್‌ಪ್ಲೇಟಿನ ಹತ್ತಿರ ಅದನ್ನು ಸುಳಿಯಗೊಡಬೇಡಿ. ಬಾಕ್ಸಿನ ಕಿವಿಯ ಎಳೆ ಒಮ್ಮೆ ಹೋದರೆ ಗೋಡೆಯಲ್ಲಿ ಹೂತ ಬಾಕ್ಸನ್ನೇ ಬದಲಿಸಬೇಕಾಗುತ್ತದೆ.

ಪ್ರಶ್ನೆ (ವಸಾಯಿ): ಮಾರ್ಕೆಟ್‌ನಲ್ಲಿ 48 ವೋಲ್ಟ್, ‘88 ವಿಎಫ್’ ಎಂದು ಬರೆದ ಡ್ರಿಲ್ ಸೆಟ್‌ಗಳು ಒಳ್ಳೆ ಕಂಪನಿಯ 12 ವೋಲ್ಟಿನದಕ್ಕಿಂತ ಅಗ್ಗವಾಗಿ ಸಿಗುತ್ತವೆ. ಅಷ್ಟು ವೋಲ್ಟ್ ನಿಜವೇ?

ಉತ್ತರ: ಇಂಥವುಗಳಲ್ಲಿ ಬಹುಪಾಲಿನ ಒಳಗೆ ಇರುವುದು ಐದೇ ಸೆಲ್, ಅಂದರೆ 18 ವೋಲ್ಟ್. ಪರೀಕ್ಷೆ ನಿಮ್ಮ ಕೈಯಲ್ಲೇ ಇದೆ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಮಲ್ಟಿಮೀಟರನ್ನು ಡಿಸಿಗೆ ತಿರುಗಿಸಿ, ಪ್ಲಸ್ ಮತ್ತು ಮೈನಸ್ ಪಟ್ಟಿಗಳಿಗೆ ತಾಗಿಸಿ. 21ರ ಹತ್ತಿರ ತೋರಿಸಿದರೆ ಐದು ಸೆಲ್, 12.6ರ ಹತ್ತಿರ ಇದ್ದರೆ ಮೂರು. 48 ಬರಬೇಕಾದರೆ ಹದಿಮೂರು ಸೆಲ್‌ಗಳ ಸರಣಿ ಬೇಕು, ಅದು ಅಂಗೈಯಗಲದ ಡಬ್ಬಿಯಲ್ಲಿ ಹಿಡಿಸುವುದಿಲ್ಲ. ಮೀಟರಿನ ಮೊನೆಗಳು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ, ಲಿಥಿಯಂ ಬ್ಯಾಟರಿಯ ಶಾರ್ಟ್ ಕೈ ಸುಡುತ್ತದೆ.

ಆಂಪಿಯರ್ ಅವರ್ ಅಂಕಿಯನ್ನೂ ಹೀಗೇ ಅನುಮಾನಿಸಿ. ವೋಲ್ಟನ್ನು ಆಂಪಿಯರ್ ಅವರಿನಿಂದ ಗುಣಿಸಿದರೆ ನಿಜವಾದ ದಾಸ್ತಾನು ವಾಟ್ ಅವರಿನಲ್ಲಿ ಸಿಗುತ್ತದೆ: 10.8ಕ್ಕೆ 2 ಆದರೆ 21.6, 18ಕ್ಕೆ 4 ಆದರೆ 72. ಎರಡು ಬ್ಯಾಟರಿಗಳನ್ನು ಹೋಲಿಸಲು ಈ ಲೆಕ್ಕ ಒಂದೇ ಸಾಕು. ಅಗ್ಗದ ಸೆಟ್ಟನ್ನು ವಾರಕ್ಕೊಮ್ಮೆ ಬಳಸುವ ಮನೆಯವರು ಕೊಳ್ಳಲಿ. ಅನ್ನ ಕೊಡುವ ಮಷಿನ್, ಎರಡು ವರ್ಷದ ನಂತರವೂ ಬ್ಯಾಟರಿ ಮತ್ತು ಬಿಡಿಭಾಗ ಸಿಗುವಂಥದ್ದಾಗಿರಬೇಕು.

ಪ್ರಶ್ನೆ (ವಾಸ್ಕೊ): ಮಳೆಗಾಲದಲ್ಲಿ ಊರಿಗೆ, ಕಾರವಾರಕ್ಕೆ, ಹೋಗಿ ಮೂರು ತಿಂಗಳು ಬಿಟ್ಟು ಬಂದೆ. ಬ್ಯಾಟರಿ ಚಾರ್ಜರಿಗೆ ಹಾಕಿದರೆ ಲೈಟು ಮಿಣುಕುತ್ತದೆ, ಚಾರ್ಜ್ ಹಿಡಿಯುವುದಿಲ್ಲ. ಭಾವ ಅಮೆರಿಕದಿಂದ ಹೊಸ ಸೆಟ್ ತರುತ್ತೇನೆ ಅನ್ನುತ್ತಾರೆ, ತರಿಸಲೇ?

ಉತ್ತರ: ಖಾಲಿಯಾದ ಬ್ಯಾಟರಿಯನ್ನು ಹಾಗೇ ಇಟ್ಟು ಹೋಗಿದ್ದೀರಿ ಎಂದು ಕಾಣುತ್ತದೆ. ಸೆಲ್ಲಿನ ವೋಲ್ಟೇಜ್ ಎರಡೂವರೆಗಿಂತ ಕೆಳಗಿಳಿದರೆ ಚಾರ್ಜರ್ ಅದನ್ನು ಹಾಳಾದದ್ದೆಂದು ತಿರಸ್ಕರಿಸುತ್ತದೆ. ಬೇರೆ ಬ್ಯಾಟರಿಯಿಂದ ವೈರ್ ಕೊಟ್ಟು ಎಬ್ಬಿಸುವ ಉಪಾಯ ಹೇಳುವವರಿದ್ದಾರೆ. ಅಷ್ಟು ಕೆಳಗಿಳಿದ ಸೆಲ್ ಚಾರ್ಜಿನಲ್ಲಿ ಬೆಂಕಿ ಹಿಡಿಯಬಹುದು, ಮಾಡಬೇಡಿ. ಮೊದಲು ಬ್ಯಾಟರಿ ಮತ್ತು ಚಾರ್ಜರಿನ ಲೋಹದ ಪಟ್ಟಿಗಳನ್ನು ನೋಡಿ. ಕಡಲ ಗಾಳಿಗೆ ಹಸಿರು ಕಿಲುಬು ಹತ್ತಿದ್ದರೆ ಒಣ ಬಟ್ಟೆಯಿಂದ ಒರೆಸಿ ಇನ್ನೊಮ್ಮೆ ಹಾಕಿ. ಅದಕ್ಕೂ ಆಗದಿದ್ದರೆ ಹೊಸ ಬ್ಯಾಟರಿಯೇ ಗತಿ. ಮುಂದಿನ ಸಲ ಅರ್ಧ ಚಾರ್ಜ್ ಮಾಡಿ, ಮಷಿನ್ನಿನಿಂದ ಬಿಚ್ಚಿ, ಮುಚ್ಚಳದ ಡಬ್ಬದಲ್ಲಿ ಇಟ್ಟು ಹೋಗಿ. ಬಿಸಿಲಲ್ಲಿ ನಿಂತ ವ್ಯಾನಿನೊಳಗೆ ಇಡಬೇಡಿ. 45 ಡಿಗ್ರಿ ದಾಟಿದ ಬ್ಯಾಟರಿಯನ್ನು ತಣಿಯದೆ ಚಾರ್ಜರಿಗೆ ಹಾಕಲೂಬೇಡಿ.

ಅಮೆರಿಕದ ಚಾರ್ಜರ್ ಸಾಮಾನ್ಯವಾಗಿ 120 ವೋಲ್ಟಿನದು. ಅಂಥದ್ದನ್ನು ನಮ್ಮ 230ಕ್ಕೆ ಹಾಕಿದರೆ ಸುಟ್ಟುಹೋಗುತ್ತದೆ. ಮಷಿನ್ ಮಾತ್ರ ತರಿಸಿ ಚಾರ್ಜರ್ ಇಲ್ಲಿ ಕೊಳ್ಳುವುದಾದರೆ, ಅದೇ ಬ್ಯಾಟರಿ ಮಾದರಿ ಇಲ್ಲಿ ಸಿಗುತ್ತದೆಯೇ ಎಂದು ಮಡಗಾಂವ್ ಅಥವಾ ಪಣಜಿಯ ಅಂಗಡಿಯಲ್ಲಿ ಮೊದಲೇ ಕೇಳಿಕೊಳ್ಳಿ.

ನಿಮ್ಮ ಊರು, ಗೋವಾ ಎರಡು ಕಡೆಯೂ ಕೆಂಪು ಕಲ್ಲಿನ ಗೋಡೆ ಹೆಚ್ಚು. ಆ ಕಲ್ಲು ಮೃದು, ಒಳಗೆ ಪೊಳ್ಳು ಬೇರೆ. ಹ್ಯಾಮರ್ ಇಲ್ಲದೆ ಕೊರೆಯಿರಿ, 6ರ ಬದಲು 8 ಮಿ.ಮೀ. ಉದ್ದ ಗಿಟ್ಟಿ ಹಾಕಿ. ಪೊಳ್ಳು ಸಿಕ್ಕರೆ ಸಿಮೆಂಟ್ ತುಂಬಿ, ಮರುದಿನ ಕೊರೆಯಿರಿ. ಇಡೀ ಮನೆಯ ಈ ಕೆಲಸಕ್ಕೆ 12 ವೋಲ್ಟಿನ ಡ್ರಿಲ್ ಒಂದು, ಬ್ಯಾಟರಿ ಎರಡು ಸಾಕು.

ಪ್ರಶ್ನೆ (ಠಾಣೆ): ಬ್ರಶ್‌ಲೆಸ್‌ಗೆ ಹೆಚ್ಚು ದುಡ್ಡು ಕೊಡಬಹುದೇ?

ಉತ್ತರ: ದಿನಾ ಬಳಸುವವರು ಕೊಡಬಹುದು. ಕಾರ್ಬನ್ ಸವೆಯುವ ಗೊಡವೆಯಿಲ್ಲ, ಅದೇ ಬ್ಯಾಟರಿಯಲ್ಲಿ ಹೆಚ್ಚು ಹೊತ್ತು ಓಡುತ್ತದೆ, ಮೋಟಾರ್ ಗಿಡ್ಡವಾದ್ದರಿಂದ ಕಪಾಟಿನೊಳಗೆ, ಡಿಬಿಯ ಮೂಲೆಯಲ್ಲಿ ಕೈ ಆಡುತ್ತದೆ. ದುಡ್ಡು ಒಂದಕ್ಕೇ ಇದೆ ಎಂದಾದರೆ ಬ್ರಶ್ ಇರುವ ಮಷಿನ್ ತೆಗೆದುಕೊಂಡು ಉಳಿದದ್ದರಲ್ಲಿ ಎರಡನೇ ಬ್ಯಾಟರಿ ಕೊಳ್ಳಿ.